ಅತ್ತೆಯ ಅಂಗಳಕ್ಕೆ ಬಂದ ಜಿಂಕೆಗಳು

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ಹೇಳಿದವನ ನಾಲಿಗೆಗೆ ಗೆದ್ದಲು ಹತ್ತಲಿ. ಅನುಮಾನವಿದ್ದವರು ಎಲೆಂಗಾನನ್ನೇ ಕೇಳಬಹುದು. ಅವನೂ ಇದನ್ನೇ ಹೇಳುತ್ತಾನೆ, ಒಂದೆರಡು ಜಿಂಕೆ ಹೆಚ್ಚಿಗೆ ಸೇರಿಸುತ್ತಾನೆ ಅಷ್ಟೆ.

ಎಲೆಂಗಾನ ಹೆಂಡತಿ ಲೆಂಬೆ ಮುನಿಸಿಕೊಂಡು ತವರು ಸೇರಿದ್ದಳು. ಲಿಕುವಾಲಾ ನದಿಯ ಈ ದಂಡೆಯಲ್ಲಿ ಹಾಗೆ ಹೋದವಳನ್ನು ಕರೆತರಲು ಗಂಡ ತಾನೇ ಹೊಡೆದ ಮಾಂಸ ಹೊತ್ತು ಹೋಗಬೇಕು. ತಪ್ಪಾಯ್ತು ಅನ್ನುವುದೆಲ್ಲ ಊಟವಾದ ಮೇಲೆ. ಅತ್ತೆ ಮಾಮಾ ಕೂಮು ಹೇಳಿಕಳಿಸಿದ್ದಳು: "ಡಬ್ಬಿ ಮೀನು ಹಿಡ್ಕೊಂಡು ಬಂದ್ರೆ ಬಂದ ದಾರೀಲೇ ಹೋಗ್ಲಿ. ಇಲ್ಲೊಬ್ಬ ದರ್ಜಿ ಇದಾನೆ, ದಿನಾ ಬಂದು ಲೆಂಬೆ ಅಳತೆ ತಗೋತಾನೆ."

ಅಳತೆಯ ಮಾತು ಕೇಳಿದ್ದೇ ಎಲೆಂಗಾ ಕೋವಿ ಎತ್ತಿಕೊಂಡ.

ಅವನು ಓಡಾಡಿ ಬೇಟೆಯಾಡುವವನಲ್ಲ. ಮರದ ಬೇರಿನ ಮರೆಯಲ್ಲಿ ಕೂತು, ಮೂಗು ಹಿಡಿದು, ಸಿಕ್ಕಿಬಿದ್ದ ಮರಿಯ ಹಾಗೆ ಕೂಗುತ್ತಾನೆ. ಸಣ್ಣ ಡೈಕರ್ ಜಿಂಕೆಗಳು ತಡೆಯಲಾರದೆ ನೋಡಲು ಬರುತ್ತವೆ. ಅಂದು ಮಧ್ಯಾಹ್ನ ಕೂಗಿದಾಗ ಹಕ್ಕಿಗಳು ಸುಮ್ಮನಾದವು. ಇನ್ನೊಮ್ಮೆ ಕೂಗಿದ, ಜೀರುಂಡೆಗಳೂ ಸುಮ್ಮನಾದವು. ಪೊದೆಯಿಂದ ಒಂದು ಡೈಕರ್ ಹೊರಬಂದು ಕೋವಿಯ ಬಾಯಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿತು. ಮರಗೆಣಸು ನೆನೆಹಾಕಿದ ನೀರಿನಂತೆ ಕಣ್ಣು ಬೆಳ್ಳಗಿತ್ತು. ಮೂಗಿನಿಂದ ರಕ್ತದ ಎಳೆ ಇಳಿಯುತ್ತಿತ್ತು.

ಕಾಡಿನ ರೋಗದ ಜಾಡು ಹಿಡಿಯಲು ಬಂದಿದ್ದ ಸೊಲಾಂಜ್ ಡಾಕ್ಟರಮ್ಮ ಬೇಟೆಗಾರರನ್ನೆಲ್ಲ ಕೂರಿಸಿ ಹೇಳಿದ್ದಳು: "ಸತ್ತಿದ್ದು ಕಂಡ್ರೆ ಮುಟ್ಬೇಡಿ. ಬದುಕಿದ್ದೂ ಓಡದೆ ನಿಂತಿದ್ರೆ ಇನ್ನೂ ಮುಟ್ಬೇಡಿ. ಓಡಿ ಬಂದು ನಂಗೆ ಹೇಳಿ."

ಎಲೆಂಗಾ ಜಿಂಕೆಯ ತೊಡೆ ನೋಡಿದ. ದರ್ಜಿಯನ್ನು ನೆನೆದ. ಇನ್ನೊಮ್ಮೆ ತೊಡೆ ನೋಡಿದ. ಕೊನೆಗೆ ಕೋವಿ ಇಳಿಸಿ, ಹೆಗಲಿಗೆ ಹಾಕಿ ಓಟ ಕಿತ್ತ. ಡಾಕ್ಟರಮ್ಮನ ಡೇರೆ ಇದ್ದದ್ದು, ಅವನ ಹಣೆಬರಹ, ಅತ್ತೆಯ ಮನೆಯ ಆಚೆಗೇ.

ದಾರಿಯುದ್ದಕ್ಕೂ ಹಿಂದೆ ಒಣಗಿದೆಲೆ ಸದ್ದು ಮಾಡುತ್ತಿತ್ತು. ಅವನು ತಿರುಗಿ ನೋಡಲಿಲ್ಲ. ಧೈರ್ಯವಂತರು ನೋಡಲು ಹೋಗುವುದಿಲ್ಲ.

"ಏನ್ ಅಳಿಯಂದ್ರೆ, ಕೈ ಬೀಸ್ಕೊಂಡು ಬಂದ್ರಾ?" ಮಾಮಾ ಕೂಮು ಬಾಗಿಲಲ್ಲೇ ಅಡ್ಡ ನಿಂತಳು. ಆಮೇಲೆ ಅವನ ಬೆನ್ನ ಹಿಂದೆ ಕಣ್ಣು ಹಾಯಿಸಿ ಮುಖ ಅರಳಿಸಿದಳು. "ಅಯ್ಯೋ, ನಡೆಸ್ಕೊಂಡೇ ಬಂದಿದೀರಲ್ಲ! ಲೆಂಬೆ, ಮಚ್ಚು ತಾರೇ!"

ಅಂಗಳ ತುಂಬ ಡೈಕರ್‌ಗಳು. ಎಲ್ಲದರ ಕಣ್ಣೂ ಬೆಳ್ಳಗೆ, ಎಲ್ಲದರ ಮುಖವೂ ಎಲೆಂಗಾನ ಕಡೆಗೆ. ಊರಿನ ಒಂದು ನಾಯಿಯೂ ಬೊಗಳಲಿಲ್ಲ.

"ಮುಟ್ಬೇಡಿ ಅತ್ತೆ! ರೋಗ!"

"ಕೊಡೋ ಮನಸ್ಸಿಲ್ಲದವ್ನು ಯಾಕೆ ತಂದೆ?" ಎಂದಳು ಲೆಂಬೆ.

"ನಾನು ತಂದಿಲ್ವೇ, ಅವೇ ಬಂದಿದ್ದು!"

ಗಲಾಟೆಗೆ ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಬಂದಳು. ಒಂದೊಂದರ ಮೂಗಿಗೂ ಹತ್ತಿ ಕಡ್ಡಿ ಆಡಿಸಿದಳು. ಅವು ಸಾಲಾಗಿ ನಿಂತು ಮೂಗು ಕೊಟ್ಟವು. "ವರ್ಷಗಟ್ಲೆ ಅಲೆದ್ರೂ ಇಷ್ಟು ಸಿಗಲ್ಲ ನಂಗೆ. ಆದ್ರೆ ಮೊದ್ಲು ಇವನ್ನ ಕಳ್ಸಿ. ಊರಿಗೇ ಹತ್ತಿಬಿಡುತ್ತೆ."

ಆಗ ಎಲೆಂಗಾನಿಗೆ ನೆನಪಾಯಿತು. ಕೂಗಿ ಕರೆದವನು ಹೊಡೆಯದೆ ಏಳುವುದಾದರೆ ಒಂದು ಎಲೆ ಹರಿದು, ಉಗಿದು, 'ಸಾಕು, ಹೋಗಿ' ಅನ್ನಬೇಕು. ಡಾಕ್ಟರಮ್ಮನ ಮಾತು ಪಾಲಿಸುವ ಅವಸರದಲ್ಲಿ ಅವನು ಅದನ್ನು ಮರೆತಿದ್ದ. ಕೂಗು ಇನ್ನೂ ಕಾಡಿನಲ್ಲಿ ತೆರೆದೇ ಇತ್ತು; ಅಲ್ಲಿ ಕೇಳಿಸಿಕೊಂಡವರು ಯಾರು ಬೇಕಾದರೂ ಬರಬಹುದಿತ್ತು.

ಅವನು ಎಲೆಗೆ ಕೈ ಹಾಕುವಷ್ಟರಲ್ಲಿ ಜಿಂಕೆಗಳು ಸರಿದು ದಾರಿ ಬಿಟ್ಟವು. ಕೊನೆಯಲ್ಲಿ ನಡೆದು ಬಂದವನು ಎಂಗೋಯಾ, ಲೆಂಬೆಯ ಅಪ್ಪ. ಸತ್ತು ಬಿದ್ದಿದ್ದ ಗೊರಿಲ್ಲಾ ಹೊತ್ತು ತಂದು ತಿಂದು, ಅದೇ ರೋಗದಲ್ಲಿ ತೀರಿಕೊಂಡವನು. ಆಸ್ಪತ್ರೆಯ ಬಿಳಿ ಅಂಗಿಯವರು ಅವನನ್ನು ಚೀಲದಲ್ಲಿ ಸುತ್ತಿ ಹೂತಿದ್ದರು; ಹೆಂಡತಿಗೆ ಕೊನೆಯದಾಗಿ ಅವನ ಮುಖ ತೊಳೆಯಲೂ ಬಿಟ್ಟಿರಲಿಲ್ಲ. ಅವನು ಬಂದು ತನ್ನ ಹಳೆಯ ಮಣೆಯ ಮೇಲೆ ಕೂತ. ಅವನ ಮೂಗಿನಿಂದಲೂ ರಕ್ತ ಇಳಿಯುತ್ತಿತ್ತು. ಡಾಕ್ಟರಮ್ಮ ಕಡ್ಡಿ ಎತ್ತಿದವಳು ಸುಮ್ಮನೆ ಕೆಳಗಿಳಿಸಿದಳು.

ಮಾಮಾ ಕೂಮು ಮಚ್ಚು ಬಿಟ್ಟು ನೀರಿನ ಬೋಗುಣಿ ಎತ್ತಿಕೊಂಡಳು. "ಅಳಿಯಂದ್ರೆ, ಮಾಂಸಾನೂ ಬೇಡ, ಏನೂ ಬೇಡ. ಮಗಳ್ನ ಈಗ್ಲೇ ಕರ್ಕೊಂಡು ಹೋಗಿ. ಇವ್ರನ್ನ ಮಾತ್ರ ಕಳಿಸ್ಬೇಡಿ. ಮುಖ ತೊಳೀತೀನಿ, ಅಷ್ಟೆ."

ಎಲೆಂಗಾ ಎಲೆ ಕಿತ್ತು ಹಿಡಿದುಕೊಂಡ. ಅವನು ಹೆಂಡತಿಯ ಮುಖ ನೋಡಿದ.

ಲೆಂಬೆ ಅಮ್ಮನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಕಳ್ಸು," ಎಂದಳು.

"ಕಳ್ಸಿದ್ರೆ ನಿಮ್ಮಮ್ಮ ನಿನ್ನ ಕೊಡಲ್ಲ ಕಣೇ."

"ಅಮ್ಮ ಸತ್ರೆ ನಾನೇ ಬರಲ್ಲ. ಹರೀ ಎಲೆ!"

ಹರಿದ. ಉಗಿದ. "ಸಾಕು, ಹೋಗಿ," ಎಂದ. ಜಿಂಕೆಗಳು ಒಂದೊಂದಾಗಿ ತಿರುಗಿದವು. ಎಂಗೋಯಾ ಮಾತ್ರ ಬೋಗುಣಿ ನೋಡುತ್ತ ಕೂತೇ ಇದ್ದ.

"ಮಾವಾ, ಅತ್ತೆ ನಿಮ್ಮನ್ನ ಮುಟ್ಟಿದ್ರೆ ನಾಳೆ ಅತ್ತೇನ ಲೆಂಬೆ ತೊಳೀಬೇಕಾಗತ್ತೆ."

ಮಗಳ ಹೆಸರು ಕಿವಿಗೆ ಬಿದ್ದದ್ದೇ ಮುದುಕ ಎದ್ದ. ಮಗಳಿಗೆ ತಾಗದಂತೆ ದೂರದಿಂದಲೇ ಸುತ್ತು ಹಾಕಿ ಕಾಡಿನ ಕಡೆ ಹೆಜ್ಜೆ ಹಾಕಿದ. ಬೋಗುಣಿ ನೆಲಕ್ಕೆ ಬಿತ್ತು. ಅಮ್ಮನನ್ನು ಬಿಡದೆಯೇ ಲೆಂಬೆ ಇನ್ನೊಂದು ಕೈಯಿಂದ ಗಂಡನ ಕೋವಿ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು.

"ಚೆನ್ನಾಗಿ ನೋಡ್ಕೋತೀನಿ ಮಾವಾ," ಎಲೆಂಗಾ ಕೂಗಿ ಹೇಳುತ್ತಲೇ ಇದ್ದ, "ಇನ್ಮೇಲೆ ಜಗಳ ಆದ್ರೆ ಮೊದ್ಲು ನಾನೇ ಬಂದು ತಪ್ಪಾಯ್ತು ಅಂತೀನಿ, ಊಟಕ್ಕೂ ಮುಂಚೆ!"