ಅರ್ಜಿಯಲ್ಲಿ ಹೊಡೆದುಹಾಕಿದ ಹೆಸರು

ಊರು ಬಿಟ್ಟು ಠಾಕುರ್ಲಿಯಲ್ಲಿ ನೆಲೆಸಿದ ಯಜ್ಞೇಶ್ವರ ರಾಯರ ಮನೆಯಲ್ಲಿ ಕ್ಯಾನ್ಸರ್ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಅದು ಮನೆಗೇ ಬರುತ್ತದೆಂಬ ನಂಬಿಕೆ. ರಾಯರ ತಾಯಿ ಅದರಿಂದಲೇ ತೀರಿಕೊಂಡಾಗಲೂ ನೆಂಟರಿಗೆ ಹೇಳಿದ್ದು 'ಆ ಕಾಯಿಲೆ' ಎಂದೇ. ರಾಯರು ಕೆಟ್ಟವರೇನಲ್ಲ. ಬೆಳಿಗ್ಗೆ ಹೋಟೆಲಿನ ಗಲ್ಲಾದಲ್ಲಿ ಕೂತು, ಸಂಜೆ ಕನ್ನಡ ಸಂಘದ ಅಧ್ಯಕ್ಷರಾಗಿ ಹತ್ತು ಜನರ ಕೆಲಸಕ್ಕೆ ಓಡಾಡುವವರು.

ಹೋದ ವರ್ಷ ಒಂದು ಭಾನುವಾರ ಅವರು ನೀರುದೋಸೆ ತಿನ್ನುತ್ತಿದ್ದಾಗ ತಮ್ಮನ ಮಗಳು ಶ್ರೀವಾಣಿ ಒಂದು ಅರ್ಜಿ ತಂದಳು. ಪಾಲಿಕೆಯ ದವಾಖಾನೆಯಲ್ಲಿ ಪ್ರತಿ ತಿಂಗಳೂ ಹೆಂಗಸರಿಗೆ ಸ್ತನ ಕ್ಯಾನ್ಸರ್ ತಪಾಸಣೆ ನಡೆಯಬೇಕೆಂದು ಸಂಘದ ಹೆಸರಲ್ಲಿ ಬೇಡಿಕೆ.

"ಇದನ್ನು ಹಿಡ್ಕೊಂಡು ಮನೆಮನೆಗೆ ಹೋಗುವುದಾ ಮಾರಾಯ್ತಿ? 'ಆರೋಗ್ಯ ತಪಾಸಣೆ' ಅಂತ ಬರಿ, ಸಾಕು."

"ಹೆಸರೇ ಹೇಳದಿದ್ರೆ ಅವರಿಗೆ ಎಂತ ಗೊತ್ತಾಗ್ತದೆ ದೊಡ್ಡಪ್ಪ?"

"ಮುತ್ತೈದೆಯರು ಸೈನ್ ಹಾಕುವ ಕಾಗದ ಅದು. ನನ್ನ ಮಾತು ಕೇಳು."

ರಾಯರು ತಮ್ಮದೇ ಪೆನ್ನಿನಿಂದ ಆ ಹೆಸರನ್ನು ಹೊಡೆದುಹಾಕಿದರು. ಒಲೆಯ ಮುಂದೆ ಅವರ ಹೆಂಡತಿ ಊರ್ಮಿಳಾ ಕಾವಲಿಯ ಮೇಲಿನ ದೋಸೆ ಮರೆತು ನಿಂತಿದ್ದಳು. ದೋಸೆ ಸೀದದ್ದಕ್ಕೆ ರಾಯರು ಗೊಣಗಿದರು.

ಪಾಲಿಕೆಯವರು ಕೇಳಿದ್ದನ್ನೇ ಕೊಟ್ಟರು. ಸಂಘದ ಹಾಲಿನಲ್ಲಿ ಕ್ಯಾಂಪ್ ಹಾಕಿ ಬಿಪಿ, ಶುಗರ್ ನೋಡಿದರು. ಊರ್ಮಿಳಾ ಚೀಟಿ ಹಿಡಿದು ಬಂದು, "ಎಲ್ಲ ಸರಿ ಉಂಟಂತೆ" ಎಂದಳು.

ಎಂಟು ತಿಂಗಳ ಮೇಲೆ ಠಾಣೆ ನಗರದ ಆಸ್ಪತ್ರೆಯಲ್ಲಿ ಡಾಕ್ಟರು, ಎದೆಯ ಗಂಟು ಮೊದಲು ಕೈಗೆ ಸಿಕ್ಕಿದ್ದು ಯಾವಾಗ ಎಂದು ಊರ್ಮಿಳಾಳನ್ನು ಕೇಳಿದರು.

"ಕ್ಯಾಂಪಿಗೆ ಮುಂಚೆಯೇ. ಅಲ್ಲಿ ನೋಡ್ತಾರೆ ಅಂತ ಹೋಗಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ."

ಆಗಲೇ ಬಂದಿದ್ದರೆ ಇಷ್ಟು ಹರಡುತ್ತಿರಲಿಲ್ಲ ಎಂದರು ಡಾಕ್ಟರು. ರಾಯರಿಗೆ ತಲೆ ಎತ್ತಲಾಗಲಿಲ್ಲ. ಹೆಂಡತಿಯ ಬಾಯಿ ಕಟ್ಟಿದ್ದು ತಾನೇ ಎಂಬುದು ಅವರಿಗೆ ಅನ್ನ ಇಳಿಯಗೊಡಲಿಲ್ಲ. ಯಾರಾದರೂ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಾರೂ ಬೈಯಲಿಲ್ಲ.

ಈ ಸಲ ಸಂಘದ ಹೆಂಗಸರ ಅರಶಿನ-ಕುಂಕುಮದ ಕೂಟಕ್ಕೆ ಹೊಸ ಅರ್ಜಿಯನ್ನು ರಾಯರೇ ಬರೆದು ತಂದರು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಊರ್ಮಿಳಾ ಮೊದಲ ಸಹಿ ಹಾಕಿದಳು. ಓದಲು ನಿಂತ ರಾಯರು "ನನ್ನ ಹೆಂಡತಿಗೆ" ಎಂದವರು ಕಾಗದವನ್ನು ಹಿಂದುಮುಂದು ತಿರುಗಿಸಿದರು.

"ಶುಭದಿನ ರಾಯರೇ, ಆ ಹೆಸರು ಬೇಡ," ಎಂದರು ಹಿರಿಯರಾದ ರತ್ನಾವತಿ ಅಮ್ಮ.

"ಹೇಳಿ," ಎಂದಳು ಊರ್ಮಿಳಾ ಗಂಡನಿಗೆ. "ಹಿಂದೆ ಕೂತವರಿಗೂ ಕೇಳಬೇಕು."

"ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್. ಹೋದ ಸಲ ಅರ್ಜಿಯಲ್ಲಿ ಈ ಹೆಸರು ಹೊಡೆದುಹಾಕಿದ್ದು ನಾನು."

ಹಿಂದಿನ ಸಾಲಿನಿಂದ ರತ್ನಾವತಿ ಅಮ್ಮನ ಸೊಸೆ ಅಪರ್ಣಾ ಎದ್ದು ಬಂದಳು. ಅತ್ತೆಯ ಕಡೆ ನೋಡದೆ ಸಹಿ ಹಾಕಿ ಊರ್ಮಿಳಾಳ ಪಕ್ಕ ಕೂತಳು.

"ನನಗೂ ಒಂದು ಗಂಟುಂಟು ಅಕ್ಕಾ. ಎಲ್ಲಿ ತೋರಿಸಬೇಕು?"