ಟಾರ್ಪಾಲಿನ ಕೆಳಗಿನ ಕಿಡಿ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಕಾರು ಮೂರನೇ ಸಲ ಕೆಮ್ಮುತ್ತಾ ಬಂದು ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಂತಾಗ ಮಾವನವರ ಮುಖ ಕೆಂಡವಾಯಿತು. ಎರಡು ಸಲ ಪ್ಲಗ್ಗು ಬದಲಾಯಿಸಿದ್ದರು. ಎರಡು ಸಲವೂ ನಾಲ್ಕು ದಿನ ಓಡಿ ಮತ್ತೆ ಅದೇ ರಾಗ.

"ಏರು ಹತ್ತಿಸಿದ್ರೆ ಕುಪ್ಪಳಿಸುತ್ತೆ," ಅಂದರು ಮೇಷ್ಟ್ರು. "ಕ್ಲಚ್ ಬಿಡೋಕೆ ಬರಲ್ಲ ಅಂತ ಕಲಿಯೋರಿಗೆಲ್ಲ ಬಾಯಿಗೆ ಬಂದಂಗೆ ಬೈದೆ. ನಿನ್ನೆ ಒಬ್ಬ ಅಜ್ಜಿ ಇಳಿದು, ನೀವೇ ಓಡಿಸಿ ತೋರಿಸಿ ಮೇಷ್ಟ್ರೇ ಅಂದ್ರು. ಓಡಿಸಿದೆ. ಇದ್ದ ಮಾನವೂ ಹೋಯ್ತು."

ಪಕ್ಕದಲ್ಲಿ ನಿಂತಿದ್ದ ಸೊಸೆ ಕಿಸಕ್ಕನೆ ನಕ್ಕಳು. ಮಾವ ನಗಲಿಲ್ಲ. ಒಂದು ಕಾಲಕ್ಕೆ ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಿದ್ದವರು ಅವರು. ಈಗ ಕಿವಿ ಮಂದ. ಬೆಳಿಗ್ಗೆ ಮೇಷ್ಟ್ರ ಫೋನು ಬಂದ ಕೂಡಲೇ ತಟ್ಟೆ ಪಕ್ಕಕ್ಕೆ ತಳ್ಳಿ, "ಇವತ್ತು ಸರಿಹೋಗದಿದ್ರೆ ಶೆಡ್ಡು ಟೈರಂಗಡಿಯವನಿಗೆ ಕೊಟ್ಟುಬಿಡ್ತೀನಿ, ಮುಗೀತು," ಎಂದಿದ್ದರು. ಪಕ್ಕದ ಟೈರಂಗಡಿಯವನಿಗೆ ಆ ಜಾಗದ ಮೇಲೆ ಕಣ್ಣು ಬಿದ್ದು ವರ್ಷವಾಗಿತ್ತು.

ಒಂಬತ್ತು ವರ್ಷ ಸೊಸೆ ಸ್ಪ್ಯಾನರ್ ಎತ್ತಿಕೊಟ್ಟಿದ್ದಳು, ಗ್ರೀಸು ತೊಳೆದಿದ್ದಳು. ಒಂದು ಇಂಜಿನ್ನನ್ನೂ ಒಬ್ಬಳೇ ಮುಟ್ಟಲು ಮಾವ ಬಿಟ್ಟಿರಲಿಲ್ಲ. ಈಗ ಶೆಡ್ಡೇ ಕೈಬಿಟ್ಟು ಹೋಗುವುದೆಂದರೆ?

"ಮಾವ, ಇವತ್ತೊಂದಿನ ನನಗೆ ಬಿಡಿ."

"ಪ್ಲಗ್ಗು ಹೊಸದು, ವೈರು ಹೋದ ತಿಂಗಳು ನಾನೇ ಹಾಕಿದ್ದು. ನೀನೇನು ಮಂತ್ರ ಹಾಕ್ತೀಯಾ?"

"ಹೊಸದು ಅಂತ ನೀವು ಹೇಳ್ತೀರಿ. ಇಂಜಿನ್ನು ಏನು ಹೇಳುತ್ತೋ ಕೇಳೋಣ."

ಮಾವ ಗುರ್ ಅಂದರು. ಆದರೆ ಸ್ಟೂಲು ಎಳೆದುಕೊಂಡು ಕೂತರು. ಅವಳಿಗೆ ಅಷ್ಟು ಸಾಕಾಗಿತ್ತು.

ಇಂಜಿನ್ ಓಡುತ್ತಿರುವಾಗಲೇ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕಿದಳು. ಒಂದನೆಯದು ಕಿತ್ತಾಗ ಇಂಜಿನ್ ಮುಗ್ಗರಿಸಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದು ಕಿತ್ತಾಗ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಮತ್ತೆ ಮುಗ್ಗರಿಸಿತು. ಅಂದರೆ ಕೆಲಸಗಳ್ಳ ಮೂರನೇ ಸಿಲಿಂಡರು. ಇಂಜಿನ್ ನಿಲ್ಲಿಸಿ ಮೂರನೆಯದರ ಪ್ಲಗ್ಗನ್ನು ಒಂದನೆಯದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿದಳು. ಮತ್ತೆ ಚಾಲು ಮಾಡಿದರೂ ಸತ್ತಿದ್ದು ಮೂರನೆಯದೇ.

"ಪ್ಲಗ್ಗಿನದು ತಪ್ಪಿಲ್ಲ ಮಾವ. ಕಿಡಿ ಪ್ಲಗ್ಗಿಗೆ ಬರೋ ದಾರೀಲೇ ಯಾರೋ ಕದೀತಿದ್ದಾರೆ."

ಕಳ್ಳನನ್ನು ನೋಡಲು ಕತ್ತಲು ಬೇಕು. ಹೊರಗೆ ಸುಡುವ ಬಿಸಿಲು. ಶಟರ್ ಎಳೆದರೆ ಹೊಗೆಗೆ ಉಸಿರು ಕಟ್ಟುತ್ತದೆ. ಅವಳು ಲಾರಿಗೆ ಹೊದಿಸುವ ಟಾರ್ಪಾಲನ್ನು ತೆರೆದ ಬಾನೆಟ್ಟಿನ ಮೇಲೆ ಎಳೆದು, ಫ್ಯಾನಿಗೆ ಸಿಗದಂತೆ ಕಟ್ಟಿ, ಒಳಗೆ ತಲೆ ತೂರಿಸಿದಳು. ಸೋರುವ ಕಿಡಿ ತೇವಕ್ಕೆ ಎದ್ದು ಕಾಣಲೆಂದು ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ನೀರಿನ ಹನಿ ಚಿಮುಕಿಸಿದಳು.

ಟಿಕ್. ಟಿಕ್. ಟಿಕ್. ನೀಲಿ ಕಿಡಿ!

"ಮಾವ, ಬನ್ನಿ! ಬೇಗ!"

ಅವರೂ ಒಳಗೆ ತಲೆ ಹಾಕಿದರು. ಹೊರಗೆ ನಿಂತ ಮೇಷ್ಟ್ರಿಗೆ ಕಾಣುತ್ತಿದ್ದದ್ದು ನಾಲ್ಕು ಕಾಲು ಮಾತ್ರ.

ನಾಲ್ಕು ವೈರುಗಳನ್ನೂ ಒಟ್ಟುಮಾಡಿ, ತೆಳ್ಳನೆ ಕಬ್ಬಿಣದ ತಂತಿಯಿಂದ ಬಿಗಿದು ಬಿಗಿದು ಕಟ್ಟಿತ್ತು, ಜಡೆ ಹೆಣೆದ ಹಾಗೆ. ಮಾವನವರ ಕೈಕೆಲಸವೆಂದು ಯಾರು ನೋಡಿದರೂ ಹೇಳಬಹುದು. ಅವರು ಕಟ್ಟಿದ ಗಂಟು ಎಂದೂ ಸಡಿಲವಾದದ್ದಿಲ್ಲ. ಆ ತಂತಿಯೇ ಇಂಜಿನ್ನಿನ ಅದುರಾಟಕ್ಕೆ ಮೂರನೇ ವೈರಿನ ರಬ್ಬರನ್ನು ಕೊಯ್ದುಹಾಕಿತ್ತು. ಕಿಡಿ ಅಲ್ಲಿಂದಲೇ ಹಾರಿ ಹೋಗುತ್ತಿತ್ತು. ಪ್ಲಗ್ಗು ಹಾಕಿದಾಗಲೆಲ್ಲ ಅವರು ಗಂಟನ್ನು ಇನ್ನಷ್ಟು ಬಿಗಿ ಮಾಡಿದ್ದರು.

"ನೋಡೋಕೆ ನೀಟಾಗಿರಲಿ ಅಂತ..." ಮಾವನ ದನಿ ಉಡುಗಿತ್ತು.

"ನೀಟಾಗೇ ಇದೆ ಮಾವ. ಅದೇ ತೊಂದರೆ."

ಬೈಗುಳಕ್ಕೆ ಅವಳು ಕಿವಿ ಗಟ್ಟಿ ಮಾಡಿಕೊಂಡಳು. ಬಂದದ್ದು ನಗು. ಟಾರ್ಪಾಲು ಅದುರುವ ಹಾಗೆ ನಕ್ಕರು ಮಾವ.

ಹೊಸ ವೈರು ಹಾಕಿ, ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಕೂರಿಸಿದಳು. ಆಮೇಲೆ ಮೂವರೂ ಕಾರು ಹತ್ತಿದರು. ಸ್ಟೀರಿಂಗ್ ಅವಳ ಕೈಯಲ್ಲಿ. ಏರನ್ನು ಕಾರು ಬೆಣ್ಣೆಯಲ್ಲಿ ಚಾಕು ಹೋದಂತೆ ಹತ್ತಿತು. "ಕ್ಲಚ್ ಚೆನ್ನಾಗಿ ಬಿಡ್ತೀಯಮ್ಮ," ಎಂದರು ಮೇಷ್ಟ್ರು. "ಮೊದಲು ಹೋಗಿ ಆ ಅಜ್ಜಿ ಕಾಲಿಗೆ ಬೀಳಿ," ಎಂದರು ಹಿಂದಿನ ಸೀಟಿನಿಂದ ಮಾವ.

ವಾಪಸು ಬಂದಾಗ ಟೈರಂಗಡಿಯವನು ಶೆಡ್ಡಿನ ಗೋಡೆಗೆ ಅಳತೆ ಟೇಪು ಹಿಡಿದು ನಿಂತಿದ್ದ.

"ಏಯ್! ಯಾರನ್ನ ಕೇಳಿ ಅಳೀತಿದ್ದೀಯ?"

"ಶೆಡ್ಡು ಕೊಡ್ತೀನಿ ಅಂತ ಬೆಳಿಗ್ಗೆ ಬರೋವಾಗ ನೀವೇ ಹೇಳಿದ್ರಲ್ಲ ಯಜಮಾನ್ರೇ..."

"ಯಜಮಾನ ನಾನಲ್ಲ." ಮಾವ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಸೊಸೆಯ ಗ್ರೀಸು ಕೈಗೆ ಹಾಕಿದರು. "ಅವಳನ್ನ ಕೇಳು. ಹುಷಾರು, ನನಗಿಂತ ಜಾಸ್ತಿ ಬೈತಾಳೆ."

ಅವಳು ಬೈಯುವ ಮೊದಲೇ ಟೇಪು ಸರ್ರೆಂದು ಒಳಗೆ ಸುತ್ತಿಕೊಂಡಿತು.