ಬೀಗರು ಮೆಚ್ಚಿದ ಎಣ್ಣೆ

ಸಮರ್ಖಂದದ ಬಾಣಸಿಗ ಮಹ್ಕಮನಿಗೆ ದೇವರ ಮೇಲೆ ನಂಬಿಕೆಯಿತ್ತು, ಅದಕ್ಕಿಂತ ಒಂದು ಗುಲಗಂಜಿ ತೂಕ ಕಡಿಮೆ ಅಗಸೆ ಎಣ್ಣೆಯ ಮೇಲೆ. ಸೂರ್ಯಕಾಂತಿ ಎಣ್ಣೆ ಅವನ ಪ್ರಕಾರ ಬಾಗಿಲು ಕಿರುಗುಟ್ಟದಿರಲಿ ಅಂತ ಬಿಡುವಂಥದ್ದು. ಹತ್ತಿಬೀಜದ ಎಣ್ಣೆಯ ಮಾತೆತ್ತಿದರೆ, "ನಾನು ಸತ್ತ ಮೇಲೆ ಬೇಕಾದ್ರೆ ನನ್ನ ಹೆಣಕ್ಕೆ ಹಚ್ಚಿ" ಅನ್ನುತ್ತಿದ್ದ. ಅಂಥವನ ಮಗಳು ಓಯ್ಜಮೋಲ್ ಹುಡುಕಿ ಹುಡುಕಿ ಮೆಚ್ಚಿದ್ದು ಮಾರ್ಗಿಲಾನದ ಹುಡುಗನನ್ನು. ಆ ಊರಲ್ಲಿ ಹತ್ತಿಬೀಜದ ಎಣ್ಣೆಯಿಲ್ಲದೆ ಒಲೆಯೇ ಹೊತ್ತುವುದಿಲ್ಲ.

ಮದುವೆ ಪಲಾವಿನ ಹಿಂದಿನ ಸಂಜೆ ಕೇರಿಯ ಗಂಡಸರೆಲ್ಲ ಅಂಗಳದಲ್ಲಿ ಕೂತು ಗಜ್ಜರಿ ಹೆಚ್ಚುವುದು ಪದ್ಧತಿ. ಹೆಚ್ಚುವುದಕ್ಕಿಂತ ಹರಟುವುದೇ ಜಾಸ್ತಿ. ಹರಟೆ ರಂಗೇರಿದ್ದಾಗ ಹುಡುಗನ ಅಪ್ಪ ತೋಲಿಬ್ ಕಾರಿಳಿದು ಬಂದು, ದೊಡ್ಡ ಡಬ್ಬವೊಂದನ್ನು ಎಲ್ಲರ ನಡುವೆ ಕುಕ್ಕಿದ.

"ತಗೊಳ್ಳಿ ಬೀಗರೇ, ಹತ್ತಿಬೀಜದ ಎಣ್ಣೆ. ನಾಳೆ ನಮ್ಮ ಕಡೆಯೋರು ಇದ್ರಲ್ಲಿ ಮಾಡಿದ್ದನ್ನೇ ತಿನ್ನೋದು. ನಿಮ್ಮ ಅಗಸೆ ಎಣ್ಣೆ ಕಿಟಕಿಗೆ ಬಣ್ಣ ಬಳಿಯೋಕೆ ಇಟ್ಕೊಳ್ಳಿ."

ಚಾಕುಗಳೆಲ್ಲ ಒಮ್ಮೆಗೇ ನಿಂತವು.

"ಅಲ್ಲ ಬೀಗರೇ," ಮಹ್ಕಮ್ ಹಲ್ಲು ಕಚ್ಚಿದ, "ಹೊಗೆ ಏಳೋ ತನಕ ಕಾಯಿಸಿ, ಈರುಳ್ಳಿ ಕರಕಲು ಮಾಡಿ ಕಹಿ ಓಡಿಸಿದ್ಮೇಲೆ ಬಾಯಿಗಿಡೋ ಎಣ್ಣೇನ ಉಡುಗೊರೆ ಅಂತೀರಲ್ಲ!"

"ಹಂಗಾದ್ರೆ ದಿಬ್ಬಣದ ಬಸ್ಸು ಬರೋದೇ ಬೇಡ ಅಂತ ಹೇಳ್ಬಿಡ್ಲಾ?"

ಬಾಗಿಲ ಹಿಂದೆ ನಿಂತಿದ್ದ ಓಯ್ಜಮೋಲಳ ಮುಖ ಬಿಳುಚಿಕೊಂಡಿತು. ಅವಳ ತಾಯಿ ಸಬೋಹತ್ ಒಳಗೆ ಹೋಗಿ ಎರಡೂ ಎಣ್ಣೆಯಲ್ಲಿ ಒಂದೊಂದು ಹಿಡಿ ಗಜ್ಜರಿ ಹುರಿದು, ಎರಡು ಬಟ್ಟಲು ತಂದಿಟ್ಟಳು.

"ಬೀಗರು ಕಣ್ಣು ಕಟ್ಕೊಂಡು ತಿನ್ಲಿ. ಅವರಿಗೆ ಹಿಡಿಸಿದ್ದೇ ನಾಳೆ ಕೊಪ್ಪರಿಗೆಗೆ. ನಿಮ್ಮ ಜಗಳದಲ್ಲಿ ನನ್ನ ಮಗಳ ಮದುವೆ ಸೀದು ಹೋಗೋದು ಬೇಡ."

ತೋಲಿಬ್ ದಾರಿಯುದ್ದಕ್ಕೂ ನಾಲಿಗೆಯಡಿ ನಾಸ್ ಪುಡಿ ಒತ್ತಿಕೊಂಡು ಬಂದವನು. ಅದನ್ನು ಪಿಚಕ್ಕನೆ ಉಗುಳಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಹೊಗೆಸೊಪ್ಪಿಗೆ ಮರಗಟ್ಟಿದ್ದ ಅದೇ ಬಾಯಲ್ಲಿ ಎರಡನ್ನೂ ಸವಿದ. ಒಂದು ಬಟ್ಟಲನ್ನು ಎದೆಗವಚಿಕೊಂಡು ಕೂಗಿದ:

"ಇದು! ಇದು ಕಣ್ರೀ ಹತ್ತಿಬೀಜದ ಎಣ್ಣೆ! ಜೇನು, ಜೇನು! ಏನಂತೀರಿ ಬೀಗರೇ?"

ಅದು ಅಗಸೆ ಎಣ್ಣೆಯ ಬಟ್ಟಲು. ಅಂಗಳದ ಆಚೆ ತುದಿಯಲ್ಲಿದ್ದವನ ಮೂಗಿಗೂ ಅದು ಗೊತ್ತಿತ್ತು. ಗಂಡಸರೆಲ್ಲ ನಗು ತಡೆದುಕೊಂಡು, ಮಹ್ಕಮನ ಒಂದು ಮಾತಿಗೆ ಕಾದರು. ಅವನ ಜನ್ಮದಲ್ಲೇ ಇಂಥ ಗೆಲುವು ಸಿಕ್ಕಿರಲಿಲ್ಲ. ಆದರೆ ಮಗಳು ಇನ್ನು ಮುಂದೆ ಉಣ್ಣಬೇಕಾದ್ದು ಇದೇ ಮನುಷ್ಯನ ಮನೆಯಲ್ಲಿ. ಇಲ್ಲಿ ನಗೆಪಾಟಲಾದವನು ಅಲ್ಲಿ ಹೋಗಿ ಆ ಸಿಟ್ಟನ್ನು ಯಾರ ಮೇಲೆ ತೀರಿಸುತ್ತಾನೆ? ಬಾಯಿಗೆ ಬಂದ ಮಾತು ಬಿಸಿ ತುಪ್ಪವಾಗಿ ನಿಂತಿತು. ಅವನು ನುಂಗಿದ.

"ಹತ್ತಿಬೀಜದ್ದೇ. ನಿಮ್ಮ ನಾಲಿಗೆ ಅಂದ್ರೆ ನಾಲಿಗೆ ಬೀಗರೇ."

ಯಾರೋ ನಗಲು ಬಾಯಿ ತೆರೆದರು. ಮಹ್ಕಮ್ ಚಾಕು ಎತ್ತಿ ತೋರಿಸಿದ ಮೇಲೆ ಆ ಬಾಯಿ ಮುಚ್ಚಿತು.

ಮರುದಿನ ಕೊಪ್ಪರಿಗೆಗೆ ಬಿದ್ದದ್ದು ಬೀಗರಿಗೆ ಹಿಡಿಸಿದ ಎಣ್ಣೆಯೇ. ತೋಲಿಬ್ ಎರಡು ಹರಿವಾಣ ಖಾಲಿ ಮಾಡಿ, ಪಂಕ್ತಿಯಿಂದ ಪಂಕ್ತಿಗೆ ಓಡಾಡಿ, "ಹತ್ತಿಬೀಜದ ಎಣ್ಣೆ ಅಂದ್ರೆ ಇದು! ಸಮರ್ಖಂದದೋರು ಈಗ ಅಡುಗೆ ಕಲಿತ್ರು!" ಅಂತ ಸಾರಿದ. ಕೇರಿಯವರು ಚಹಾದ ಬಟ್ಟಲಲ್ಲಿ ಮುಖ ಹುದುಗಿಸಿ ಕೆಮ್ಮಿದರು.

ಹೊರಡುವ ಹೊತ್ತಿಗೆ ಅವನು ಮಹ್ಕಮನನ್ನು ಎಲ್ಲರೆದುರು ತಬ್ಬಿಕೊಂಡ.

"ಹೇಳ್ಬಿಡಿ ಬೀಗರೇ, ಇನ್ಮೇಲೆ ಅಗಸೆ ಎಣ್ಣೆ ಬಿಟ್ರಿ ತಾನೆ?"

ಕಾರಿನೊಳಗಿಂದ ಓಯ್ಜಮೋಲ್ ಅಪ್ಪನನ್ನೇ ನೋಡುತ್ತಿದ್ದಳು.

"ಬಿಟ್ಟೆ," ಅಂದ ಮಹ್ಕಮ್. ಅಂದವನಿಗೆ ತಡೆಯಲಾರದೆ ಅಳು ಬಂತು.

ತೋಲಿಬನ ಕರುಳು ಚುರ್ರೆಂದಿತು. ಬೀಗರ ಬೆನ್ನು ಸವರಿ ಸಮಾಧಾನ ಹೇಳಿದ: "ಅಳಬೇಡಿ. ನಿಮ್ಮ ಮಗಳು ನಮ್ಮನೇಲಿ ದಿನಾ ಇದೇ ಎಣ್ಣೇಲಿ ಉಣ್ತಾಳೆ."